ಗಿಟಾರಿಗೆಂದೇ ಹುಟ್ಟಿದ ಕ್ರಿಸ್ಮಸ್ ಹಾಡು

ಇಲಿಗಳ ಕಥೆಯನ್ನು ಬಹಳ ಮಂದಿ ಕೇಳಿರಬಹುದು. ಆಸ್ಟ್ರಿಯದ ಒಂದು ಸಣ್ಣ ಊರು. ಕ್ರಿಸ್ಮಸ್ ರಾತ್ರಿಗೆ ಕೆಲವೇ ಗಂಟೆ ಬಾಕಿ. ಚರ್ಚಿನ ಆರ್ಗನ್ ವಾದ್ಯದ ತಿದಿಯನ್ನು ಇಲಿಗಳು ಕಡಿದು ತೂತು ಮಾಡಿಬಿಟ್ಟಿವೆ. ಒತ್ತಿದರೆ ಸ್ವರವೇ ಇಲ್ಲ. ದಿಕ್ಕು ತೋಚದ ಪಾದ್ರಿ ಮೂಲೆಯಲ್ಲಿದ್ದ ಗಿಟಾರನ್ನು ಎತ್ತಿಕೊಳ್ಳುತ್ತಾನೆ. ಹೀಗೆ, ಬೇರೆ ದಾರಿಯಿಲ್ಲದೆ, 'ಸೈಲೆಂಟ್ ನೈಟ್' ಹಾಡು ಹುಟ್ಟುತ್ತದೆ.

ಕಥೆ ಚೆನ್ನಾಗಿದೆ. ಮಕ್ಕಳಿಗೆ ಹೇಳಲು ಇನ್ನೂ ಚೆನ್ನ. ಆದರೆ ಇದಕ್ಕೆ ಆಧಾರವಿಲ್ಲ. ಆ ರಾತ್ರಿ ಅಲ್ಲಿದ್ದವರೇ ಬರೆದಿಟ್ಟ ಹೇಳಿಕೆಯಲ್ಲಿ ಇಲಿಯೂ ಇಲ್ಲ, ಕೆಟ್ಟುಹೋದ ಆರ್ಗನ್ನೂ ಇಲ್ಲ. ಗಿಟಾರ್ ಮಾತ್ರ ಇದೆ. ಅದೂ ಮೊದಲಿನಿಂದಲೇ, ಬೇಕೆಂದೇ ಕೇಳಿ ತರಿಸಿಕೊಂಡ ವಾದ್ಯವಾಗಿ.

ಈ ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ಇಲಿಗಳ ಕಥೆ ಹೇಳುವುದೇನು? ಚರ್ಚಿನಲ್ಲಿ ಇರಬೇಕಾದದ್ದು ಆರ್ಗನ್, ಗಿಟಾರ್ ಅಲ್ಲಿಗೆ ಬಂದದ್ದು ಆಕಸ್ಮಿಕ ಎಂದು. ನಡೆದದ್ದು ಇದಕ್ಕೆ ವಿರುದ್ಧ. ಹಾಗಾಗಿಯೇ ಇಂದಿಗೂ ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಡಿಸೆಂಬರ್ ಬಂತೆಂದರೆ ಮೊದಲು ಕೈಹಚ್ಚುವ ಹಾಡುಗಳಲ್ಲಿ ಇದೂ ಒಂದು. ಆ ವಾದ್ಯದ ಮೇಲೆ ಅದು ಸಲೀಸಾಗಿ ಕೂರುತ್ತದೆ. ಕೂರಲೇಬೇಕು, ಅದರ ಅಳತೆಗೇ ಹೊಲಿದ ಅಂಗಿ ಅದು.

ಊರಿನ ಹೆಸರು ಓಬರ್‌ನ್‌ಡಾರ್ಫ್. ಸಾಲ್ಝ್‌ಬರ್ಗ್ ನಗರದ ಉತ್ತರಕ್ಕೆ, ಸಾಲ್ಝಾಖ್ ನದಿಯ ದಡದಲ್ಲಿದೆ. ಅಲ್ಲಿನ ಜನ ದೋಣಿ ನಡೆಸುವವರು. ಹಾಲೈನ್ ಊರಿನ ಗಣಿಯ ಉಪ್ಪನ್ನು ನದಿಯಲ್ಲಿ ಸಾಗಿಸುವುದೇ ಅವರ ಜೀವನ. ನದಿಯ ಆಚೆ ದಡದ ಲಾಫೆನ್ ಮತ್ತು ಈಚೆ ದಡದ ಓಬರ್‌ನ್‌ಡಾರ್ಫ್ ಎರಡೂ ಮೊದಲು ಒಂದೇ ಊರು. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ದೊರೆಗಳು ನಕಾಶೆ ಹರಡಿಕೊಂಡು ಕುಳಿತರು. 1816ರಲ್ಲಿ ಲಾಫೆನ್ ಬವೇರಿಯಕ್ಕೆ ಉಳಿಯಿತು, ಓಬರ್‌ನ್‌ಡಾರ್ಫ್ ಆಸ್ಟ್ರಿಯಕ್ಕೆ ಹೋಯಿತು. ನದಿಯೇ ಗಡಿಯಾಯಿತು. ದೊಡ್ಡ ಚರ್ಚು ಆಚೆ ದಡದಲ್ಲೇ ಉಳಿದುಕೊಂಡಿತು. 1956ರಲ್ಲಿ ಕಾಸರಗೋಡಿಗಾದದ್ದನ್ನು ಬಲ್ಲ ನಮಗೆ, ಗೆರೆಯೊಂದು ಊರನ್ನು ಸೀಳುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1816 ಬೇಸಿಗೆಯೇ ಇಲ್ಲದ ವರ್ಷವೆಂದು ಯೂರೋಪಿನ ಚರಿತ್ರೆಯಲ್ಲಿ ದಾಖಲಾಗಿದೆ. ಹಿಂದಿನ ವರ್ಷ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಆಕಾಶ ತುಂಬಿತ್ತು. ಬೆಳೆ ಕೈಕೊಟ್ಟಿತು, ಕಾಳಿನ ಬೆಲೆ ಏರಿತು. ಇಂಥ ವರ್ಷದಲ್ಲಿ, ಮಾರಿಯಾಫಾರ್ ಎಂಬ ಬೆಟ್ಟದ ಊರಿನಲ್ಲಿದ್ದ 23ರ ಹರೆಯದ ಸಹಾಯಕ ಪಾದ್ರಿಯೊಬ್ಬ ಆರು ನುಡಿಗಳ ಒಂದು ಪದ್ಯ ಬರೆದ. ಹೆಸರು ಯೋಸೆಫ್ ಮೋರ್.

ಈ ಮೋರ್‌ನ ಹುಟ್ಟಿನ ವಿಚಾರ ತಿಳಿದರೆ ಗಿಟಾರಿನ ವಿಚಾರವೂ ಅರ್ಥವಾದೀತು. 1792ರಲ್ಲಿ ಸಾಲ್ಝ್‌ಬರ್ಗ್‌ನಲ್ಲಿ ಹುಟ್ಟಿದ. ತಾಯಿ ಹೆಣಿಗೆ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದವಳು. ತಂದೆ ಸೈನ್ಯ ಬಿಟ್ಟು ಓಡಿಹೋದ ಸಿಪಾಯಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಜ್ಞಾನಸ್ನಾನದ ಹೊತ್ತಿಗೆ ಈ ಮಗುವಿನ ಧರ್ಮಪಿತನಾಗಿ ನಿಂತವನು ಯಾರು ಗೊತ್ತೇ? ನಗರದ ಗಲ್ಲಿನವನು, ಮರಣದಂಡನೆ ಜಾರಿ ಮಾಡುವ ಸರ್ಕಾರಿ ನೌಕರ! ಸಭ್ಯರು ಹತ್ತಿರ ಸುಳಿಯದ ಕೆಲಸ ಅವನದು. ಮಗುವಿನ ದನಿ ಚೆನ್ನಾಗಿತ್ತು. ಚರ್ಚಿನ ಗಾಯನ ಮೇಳ ನೋಡಿಕೊಳ್ಳುತ್ತಿದ್ದ ಹಿರಿಯ ಪಾದ್ರಿಯೊಬ್ಬರು ಅದನ್ನು ಗಮನಿಸಿ ಹುಡುಗನನ್ನು ಓದಿಸಿದರು. ಹಾಡುತ್ತ, ಪಿಟೀಲು ನುಡಿಸುತ್ತ ಓದಿದ. ಮದುವೆಯಾಗದವರ ಮಗನಾದ್ದರಿಂದ ಪಾದ್ರಿಯಾಗಲು ವಿಶೇಷ ಅನುಮತಿ ಬೇಕಾಯಿತು. ಅದು ಸಿಕ್ಕಿ 1815ರಲ್ಲಿ ದೀಕ್ಷೆಯಾಯಿತು.

1817ರಲ್ಲಿ ಓಬರ್‌ನ್‌ಡಾರ್ಫ್‌ಗೆ ವರ್ಗ. ಅಲ್ಲಿ ಅವನ ಮೇಲಿನ ಪಾದ್ರಿಗೆ ಇವನನ್ನು ಕಂಡರಾಗದು. ಮೇಲಕ್ಕೆ ದೂರು ಹೋಯಿತು. ಹಿರಿಯರ ಮಾತಿಗೆ ಬೆಲೆ ಕೊಡುವುದಿಲ್ಲ, ಹೆಂಗಸರೊಂದಿಗೆ ತಮಾಷೆ ಮಾಡುತ್ತಾನೆ, ಪಾದ್ರಿಗೆ ತಕ್ಕುದಲ್ಲದ ಹಾಡು ಹಾಡುತ್ತಾನೆ ಎಂಬ ಧಾಟಿಯ ದೂರು. ದೋಣಿಯವರ ಊರಿನಲ್ಲಿ ದೋಣಿಯವರ ಜತೆ ಬೆರೆತು ಹಾಡುವ ಯುವಕ ಪಾದ್ರಿ ಎಂದರೆ ಜನಕ್ಕೆ ಇಷ್ಟ, ಮೇಲಿನವರಿಗೆ ಕಷ್ಟ. ಇದು ಎಲ್ಲ ಕಾಲದಲ್ಲೂ, ಎಲ್ಲ ಕಚೇರಿಗಳಲ್ಲೂ ಇದ್ದದ್ದೇ.

ಓಬರ್‌ನ್‌ಡಾರ್ಫ್‌ನ ಸಂತ ನಿಕೋಲಸ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು ಫ್ರಾನ್ಝ್ ಕ್ಸಾವರ್ ಗ್ರೂಬರ್. ನೇಕಾರರ ಮನೆಯ ಮಗ, ಮೋರ್‌ಗಿಂತ ಐದು ವರ್ಷ ದೊಡ್ಡವರು. ಪಕ್ಕದ ಆರ್ನ್ಸ್‌ಡಾರ್ಫ್ ಹಳ್ಳಿಯಲ್ಲಿ ಶಾಲಾ ಮೇಷ್ಟ್ರು. 1818ರ ಡಿಸೆಂಬರ್ 24ರಂದು ಮೋರ್ ತನ್ನ ಪದ್ಯವನ್ನು ಅವರ ಕೈಗಿತ್ತು, ಇದಕ್ಕೆ ಇಬ್ಬರು ಹಾಡುವಂತೆ, ಜತೆಗೆ ಮೇಳ ದನಿಗೂಡಿಸುವಂತೆ, ಗಿಟಾರಿನ ಪಕ್ಕವಾದ್ಯಕ್ಕೆ ಹೊಂದುವಂತೆ ಧಾಟಿ ಕಟ್ಟಿಕೊಡಿ ಎಂದು ಕೇಳಿದ. ಗಮನಿಸಬೇಕಾದ ಮಾತು ಇದೇ. ಗಿಟಾರ್ ಬೇಕೆಂಬುದು ಕೇಳಿಕೆಯಲ್ಲೇ ಇದೆ. ಗ್ರೂಬರ್ ಅಂದು ಸಂಜೆಯೇ ಧಾಟಿ ತಂದುಕೊಟ್ಟರು. ರಾತ್ರಿ ಚರ್ಚಿನಲ್ಲಿ ಮೋರ್ ಗಿಟಾರ್ ನುಡಿಸುತ್ತ ಮೇಲಿನ ದನಿಯಲ್ಲಿ, ಗ್ರೂಬರ್ ಕೆಳಗಿನ ದನಿಯಲ್ಲಿ ಹಾಡಿದರು. ಪೂಜೆಯ ಭಾಷೆ ಲ್ಯಾಟಿನ್, ಹಾಡಿನ ಭಾಷೆ ದೋಣಿಯವರಿಗೆ ತಿಳಿಯುವ ಜರ್ಮನ್. ಕೇಳಿದವರೆಲ್ಲ ಮೆಚ್ಚಿದರು.

ಇದೆಲ್ಲ ಗ್ರೂಬರ್ ತಾವೇ 1854ರ ಡಿಸೆಂಬರ್ 30ರಂದು ಬರೆದಿಟ್ಟ ಹೇಳಿಕೆಯ ಸಾರ. ಮೂವತ್ತಾರು ವರ್ಷ ಸುಮ್ಮನಿದ್ದವರು ಆಗ ಏಕೆ ಬರೆದರು? ಅದಕ್ಕೂ ಕಾರಣವಿದೆ. ಅಷ್ಟು ಹೊತ್ತಿಗೆ ಹಾಡು ಊರೂರು ಸುತ್ತಿ, ಕಟ್ಟಿದವರ ಹೆಸರು ಕಳೆದುಕೊಂಡಿತ್ತು. ಝಿಲ್ಲರ್‌ಟಾಲ್ ಕಣಿವೆಯಿಂದ ಆರ್ಗನ್ ಕೆಲಸಕ್ಕೆ ಬಂದ ಕಾರ್ಲ್ ಮೌರಾಖರ್ ಎಂಬವರು ಅದನ್ನು ತಮ್ಮ ಕಡೆಗೆ ಕೊಂಡೊಯ್ದರು. ಅಲ್ಲಿಂದ, ಸಂತೆಯಿಂದ ಸಂತೆಗೆ ಕೈಗವಸು ಮಾರುತ್ತಿದ್ದ ಸ್ಟ್ರಾಸರ್ ಕುಟುಂಬದವರು 1830ರ ದಶಕದ ಆರಂಭದಲ್ಲಿ ಲೈಪ್‌ಝಿಗ್‌ನಲ್ಲಿ ಹಾಡಿದರು. ಡ್ರೆಸ್ಡೆನ್‌ನಲ್ಲಿ ಅಚ್ಚಾಯಿತು, ಟಿರೋಲ್ ಪ್ರಾಂತದ ಜನಪದ ಗೀತೆ ಎಂಬ ಹಣೆಪಟ್ಟಿಯೊಂದಿಗೆ! ಅದೇ ಕಣಿವೆಯ ರೈನರ್ ಕುಟುಂಬದವರು 1839ರಲ್ಲಿ ನ್ಯೂಯಾರ್ಕಿಗೂ ಮುಟ್ಟಿಸಿದರು. ಬರ್ಲಿನ್ನಿನ ರಾಜಾಸ್ಥಾನದವರಿಗೆ ಹಾಡು ಬಲು ಪ್ರಿಯವಾಗಿ, ಇಷ್ಟು ಚೆನ್ನಾಗಿದೆಯೆಂದರೆ ಯಾರೋ ದೊಡ್ಡವರದೇ ಇರಬೇಕು ಎಂದುಕೊಂಡು, ಮಿಖಾಯೆಲ್ ಹೈಡನ್ ಕೈಬರಹದ ಪ್ರತಿ ಇದೆಯೇ ಎಂದು ಸಾಲ್ಝ್‌ಬರ್ಗ್‌ನ ಸಂತ ಪೀಟರ್ ಮಠಕ್ಕೆ ಪತ್ರ ಬರೆದರು. ಗ್ರೂಬರ್ ಮಗನೊಬ್ಬ ಅಲ್ಲೇ ಹಾಡುವ ಹುಡುಗ. ವಿಷಯ ಮನೆಗೆ ಮುಟ್ಟಿತು. ಮೇಷ್ಟ್ರು ಲೇಖನಿ ಹಿಡಿದರು.

ಮೋರ್ ಅಷ್ಟು ಹೊತ್ತಿಗೆ ತೀರಿಕೊಂಡು ಆರು ವರ್ಷವಾಗಿತ್ತು. ಊರಿಂದ ಊರಿಗೆ ವರ್ಗವಾಗುತ್ತ ಕೊನೆಗೆ ವಾಗ್ರೈನ್ ಎಂಬಲ್ಲಿ, ಬಡ ಮಕ್ಕಳ ಶಾಲೆಗಾಗಿ ದುಡಿದು, ಬರಿಗೈಯಲ್ಲಿ 1848ರ ಡಿಸೆಂಬರ್ 4ರಂದು ಕಣ್ಮುಚ್ಚಿದ.

ಬರೀ ಮಾತಿನ ಸಾಕ್ಷ್ಯವೇ ಎಂದು ಕೇಳುವವರಿಗೆ 1995ರಲ್ಲಿ ಉತ್ತರ ಸಿಕ್ಕಿತು. ಮೋರ್ ಕೈಬರಹದ ಒಂದು ಹಾಳೆ ಬೆಳಕಿಗೆ ಬಂತು. ಪದ್ಯ 1816ರದೆಂದೂ, ಧಾಟಿ ಗ್ರೂಬರ್ ಅವರದೆಂದೂ ಅದರಲ್ಲಿ ಅವನೇ ಬರೆದಿದ್ದಾನೆ. ಎರಡು ದನಿಗಳ ಕೆಳಗೆ ಇರುವುದು ಗಿಟಾರಿಗೆ ಬರೆದ ಸ್ವರ. ಆ ಹಾಳೆ ಈಗ ಸಾಲ್ಝ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಾಲಕ್ಕೆ ಗಿಟಾರ್ ಎಂದರೆ ಹೊಸ ಹುರುಪಿನ ವಾದ್ಯ. ಹಿಂದೆ ಜೋಡಿ ಜೋಡಿಯಾಗಿದ್ದ ತಂತಿಗಳು ಹೋಗಿ, ಇಂದು ನಾವು ಕಾಣುವ ಆರು ಬಿಡಿ ತಂತಿಗಳು ನೆಲೆಗೊಂಡದ್ದು 1800ರ ಆಸುಪಾಸಿನಲ್ಲಿ. ಇಟಲಿಯಿಂದ ಬಂದ ಮೌರೊ ಜ್ಯೂಲಿಯಾನಿ 1806ರಿಂದ 1819ರವರೆಗೆ ವಿಯೆನ್ನಾದಲ್ಲಿದ್ದು ಸಭೆಗಳಲ್ಲಿ ಗಿಟಾರ್ ನುಡಿಸಿ ಹೆಸರಾದ. ಪಿಯಾನೊ ಕೊಳ್ಳಲಾಗದ ಮನೆಗಳಿಗೂ ಗಿಟಾರ್ ಬಂತು. ಮೈ ಈಗಿನದಕ್ಕಿಂತ ಚಿಕ್ಕದು. ತೆಳು ತಂತಿಗಳು ಪ್ರಾಣಿಗಳ ಕರುಳಿನವು, ದಪ್ಪ ತಂತಿಗಳು ರೇಷ್ಮೆಯ ಮೇಲೆ ಲೋಹದ ಎಳೆ ಸುತ್ತಿದವು. ನೈಲಾನ್ ತಂತಿ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿಗೆ ಬರ ಬಂದಾಗ. ಆದರೆ ಗಿಟಾರಿನ ಜಾಗ ಮನೆ, ತೋಟ, ಹೆಂಡದಂಗಡಿ. ಚರ್ಚಿನದು ಆರ್ಗನ್. ಈ ಮಡಿ ಬಹಳ ಕಾಲ ನಡೆಯಿತು. 1903ರಲ್ಲೂ ಹತ್ತನೇ ಪಯಸ್ ಪೋಪ್ ಅವರು ಚರ್ಚಿನಲ್ಲಿ ಪಿಯಾನೊ, ಡೋಲು, ತಾಳಗಳಂಥವು ಕೂಡದೆಂದು ಆಜ್ಞೆ ಹೊರಡಿಸಿದ್ದರು. ಎರಡನೇ ವ್ಯಾಟಿಕನ್ ಸಭೆಯ ನಂತರವೇ, ಅಂದರೆ 1960ರ ದಶಕದಲ್ಲಿ, ಕಥೋಲಿಕ ಪೂಜೆಗೆ ಗಿಟಾರ್ ಧಾರಾಳವಾಗಿ ಕಾಲಿಟ್ಟದ್ದು. ಮೋರ್ ಅದಕ್ಕೆ ಒಂದೂವರೆ ಶತಮಾನ ಮೊದಲೇ ಆ ಕೆಲಸ ಮಾಡಿದ್ದ. ಆಮೇಲಿನವರು ಇಲಿಗಳನ್ನು ಏಕೆ ಸೃಷ್ಟಿಸಿದರೆಂದು ಈಗ ಊಹಿಸಬಹುದು. ಇಲಿಗಳಿದ್ದರೆ ಗಿಟಾರಿಗೆ ಕ್ಷಮೆ ಸಿಗುತ್ತದೆ!

ಇನ್ನು ನುಡಿಸುವ ವಿಚಾರ. ಮೋರ್‌ನ ಹಾಳೆಯಲ್ಲಿ ಹಾಡಿನ ಶ್ರುತಿ ಡಿ ಮೇಜರ್. ನಮ್ಮ ಲೆಕ್ಕದಲ್ಲಿ ಡಿ ಸ್ವರವನ್ನು ಷಡ್ಜ ಮಾಡಿಕೊಂಡ ಶಂಕರಾಭರಣದ ಸ್ವರಗಳು ಎನ್ನಬಹುದು. ಗಮಕ ಬೇಡ, ಸ್ವರ ಇದ್ದಲ್ಲೇ ನಿಲ್ಲಲಿ. ಪಂಚಮದಲ್ಲಿ ಶುರುವಾಗಿ, ಧೈವತವನ್ನು ಮುಟ್ಟಿ ಪಂಚಮಕ್ಕೆ ಮರಳಿ, ಗಾಂಧಾರದಲ್ಲಿ ಕೂರುತ್ತದೆ. ತೊಟ್ಟಿಲು ಒಮ್ಮೆ ತೂಗಿ ನಿಂತಂತೆ. ಮತ್ತೆ ಅದೇ ತೂಗು. ಕಿವಿಗೆ ಇಷ್ಟು ಹಿಡಿದರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ಮುಂದಿನದೆಲ್ಲ ಈ ತೂಗಿನ ವಿಸ್ತಾರವೇ.

ಗಿಟಾರಿನ ತಂತಿಗಳನ್ನು ತೆಳುವಿನಿಂದ ದಪ್ಪಕ್ಕೆ ಒಂದರಿಂದ ಆರು ಎಂದು ಎಣಿಸುವುದು ವಾಡಿಕೆ. ಹಾಡಿನ ಮೊದಲ ಸ್ವರ ಮೂರನೇ ತಂತಿಯ ಎರಡನೇ ಮೆಟ್ಟಿಲಲ್ಲಿದೆ. ಮುಂದಿನದು ಎರಡನೇ ತಂತಿಯನ್ನು ಒತ್ತದೆ ಬಿಟ್ಟರೆ ತಾನೇ ನುಡಿಯುತ್ತದೆ. ಮತ್ತೆ ಮೊದಲಿನದು. ಬಳಿಕ ನಾಲ್ಕನೇ ತಂತಿಯ ನಾಲ್ಕನೇ ಮೆಟ್ಟಿಲು. ಇಡೀ ಹಾಡಿನಲ್ಲಿ ಅತಿ ಕೆಳಗಿನ ಸ್ವರ ನಾಲ್ಕನೇ ತಂತಿಯದೇ ಬಿಡಿ ನಾದ, ಅತಿ ಮೇಲಿನದು ಮೊದಲ ತಂತಿಯ ಮೂರನೇ ಮೆಟ್ಟಿಲು. ಅಂದರೆ ಎಡಗೈ ಜರುಗಬೇಕಾದ ಅಗತ್ಯವೇ ಇಲ್ಲ. ನಾಲ್ಕು ತಂತಿ, ನಾಲ್ಕು ಮೆಟ್ಟಿಲು, ನಾಲ್ಕು ಬೆರಳು. ಹಾಡುವವನಿಗೆ ಮಾತ್ರ ಈ ಹಾಡು ಅಷ್ಟು ಸುಲಭವಲ್ಲ. ಕೊನೆಯ ಭಾಗದಲ್ಲಿ ಧಾಟಿ ತಾರಸ್ಥಾಯಿಗೆ ಏರಿ ಮಧ್ಯಮವನ್ನು ಮುಟ್ಟಿ ಬರುತ್ತದೆ. ಬೀದಿಯ ಮೇಳಗಳು ಅಲ್ಲಿಗೆ ಬಂದಾಗ ಅರ್ಧ ಮಂದಿ ಬಾಯಿ ಮಾತ್ರ ಆಡಿಸುವುದನ್ನು ಯಾರೂ ಕಂಡಿರಬಹುದು.

ಉಳಿದ ಎರಡು ದಪ್ಪ ತಂತಿಗಳು ಬಲಗೈ ಹೆಬ್ಬೆರಳಿಗೆ. ತಾಳ ಆರು ಎಣಿಕೆಯದು, ಮೂರರ ಎರಡು ಗುಂಪು. ತಿಶ್ರ ನಡೆ ಎಂದರೆ ನಮ್ಮವರಿಗೆ ಬೇಗ ತಿಳಿದೀತು. ಮೂರರ ಮೊದಲ ಎಣಿಕೆಗೆ ಹೆಬ್ಬೆರಳು ದಪ್ಪ ತಂತಿಯನ್ನು ಮೀಟುತ್ತದೆ, ಉಳಿದೆರಡಕ್ಕೆ ಬೇರೆ ಬೆರಳುಗಳು ತೆಳು ತಂತಿಯನ್ನು. ಈ ತೂಗು ಗ್ರೂಬರ್ ಕಂಡುಹಿಡಿದದ್ದೇನಲ್ಲ. ಇಟಲಿಯಲ್ಲಿ ಕ್ರಿಸ್ಮಸ್ ಹತ್ತಿರವಾದಾಗ ಕುರುಬರು ಬೆಟ್ಟದಿಂದಿಳಿದು ಬಂದು ಊದುತ್ತಿದ್ದ ಕೊಳಲು, ಚೀಲವಾದ್ಯಗಳ ನಡೆ ಇದೇ. 1714ರಲ್ಲಿ ಅಚ್ಚಾದ ಕೊರೆಲ್ಲಿಯ ಕ್ರಿಸ್ಮಸ್ ಕನ್ಸರ್ಟೊದಲ್ಲೂ, ಹ್ಯಾಂಡೆಲ್‌ನ 'ಮೆಸ್ಸಾಯ'ದಲ್ಲೂ ಕುರುಬರ ಪ್ರಸಂಗಕ್ಕೆ ಇಂಥದೇ ನಡೆ ಬರುತ್ತದೆ. ಹಳ್ಳಿಯ ಮೇಷ್ಟ್ರಿಗೆ ಅರ್ಧ ದಿನದಲ್ಲಿ ಧಾಟಿ ಕಟ್ಟಲು ಸಾಧ್ಯವಾದದ್ದರಲ್ಲಿ ಈ ಹಳೆಯ ರೂಢಿಯ ಪಾಲೂ ಇದೆ.

ಹಾಡಿನ ಜತೆ ನುಡಿಸಬೇಕಾದ ಸ್ವರಗುಚ್ಛಗಳು, ಅಂದರೆ ಕಾರ್ಡ್‌ಗಳು, ಮೂರೇ ಮೂರು. ಡಿ, ಜಿ ಮತ್ತು ಎ. ಷಡ್ಜ, ಮಧ್ಯಮ, ಪಂಚಮಗಳನ್ನು ಬುಡವಾಗಿಟ್ಟುಕೊಂಡು ಒಂದೊಂದು. ಷಡ್ಜದ ಗುಚ್ಛದಲ್ಲಿ ಸ, ಗ, ಪ ಒಟ್ಟಿಗೆ ನುಡಿಯುತ್ತವೆ. ಈ ಮೂರರಲ್ಲಿ ಸಪ್ತಕದ ಏಳೂ ಸ್ವರಗಳು ಅಡಗಿವೆ, ಆದ್ದರಿಂದಲೇ ಮೂರು ಗುಚ್ಛ ಬಲ್ಲವನು ನೂರು ಹಾಡಿಗೆ ಜತೆ ನುಡಿಸಬಲ್ಲ. ಶ್ರುತಿಯನ್ನು ಸಿ ಎಂದಿಟ್ಟುಕೊಂಡರೆ ಮಾತ್ರ ಎಫ್ ಎಂಬ ಗುಚ್ಛ ಅಡ್ಡ ಬರುತ್ತದೆ. ತೋರು ಬೆರಳನ್ನು ತಂತಿಗಳ ಮೇಲೆ ಅಡ್ಡಕ್ಕೆ ಮಲಗಿಸಿ ಒತ್ತಬೇಕು. ಎಷ್ಟೋ ಮಂದಿ ಗಿಟಾರನ್ನು ಅಟ್ಟಕ್ಕೆ ಹಾಕುವುದು ಈ ಎಫ್ ಕಾಟದಿಂದಲೇ. ಮೋರ್‌ನ ಡಿ ಶ್ರುತಿಯಲ್ಲಿ ಈ ತಂಟೆಯಿಲ್ಲ.

ಇದಕ್ಕಿಂತ ಸುಲಭದ ಹಾಡುಗಳೂ ಇವೆ. 'ಜಿಂಗಲ್ ಬೆಲ್ಸ್'ನ ಪಲ್ಲವಿ ಷಡ್ಜದಿಂದ ಪಂಚಮದೊಳಗಿನ ಐದೇ ಸ್ವರಗಳಲ್ಲಿ ಮುಗಿಯುತ್ತದೆ. ತಮಾಷೆಯೆಂದರೆ ಅದು ಕ್ರಿಸ್ಮಸ್ ಹಾಡೇ ಅಲ್ಲ. 1857ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಅಚ್ಚಾದ, ಹಿಮದ ಮೇಲೆ ಕುದುರೆ ಜಾರುಬಂಡಿ ಓಡಿಸುವ ಹುಡುಗಾಟದ ಹಾಡು. ಅದರಲ್ಲಿ ಯೇಸುವಿನ ಹೆಸರೂ ಇಲ್ಲ, ಕ್ರಿಸ್ಮಸ್ಸಿನ ಹೆಸರೂ ಇಲ್ಲ. 'ಜಾಯ್ ಟು ದಿ ವರ್ಲ್ಡ್' ಇನ್ನೊಂದು. 1719ರಲ್ಲಿ ಐಸಾಕ್ ವಾಟ್ಸ್ ಕೀರ್ತನೆ 98ನ್ನು ಆಧರಿಸಿ ಬರೆದದ್ದು. ಇಂದು ಹಾಡುವ ಧಾಟಿ ಬಳಕೆಗೆ ಬಂದದ್ದು ಬಹಳ ಕಾಲದ ನಂತರ. ಅದರ ಮೊದಲ ಸಾಲು ಮೇಲಿನ ಷಡ್ಜದಿಂದ ಕೆಳಗಿನ ಷಡ್ಜಕ್ಕೆ ಒಂದೂ ಸ್ವರ ಬಿಡದೆ ಇಳಿಯುವ ಅವರೋಹಣ! ಸರಳೆ ಕಲಿತ ಮಗು ಅದನ್ನು ನುಡಿಸಬಲ್ಲದು, ಕಾಲದ ಅಳತೆ ಮಾತ್ರ ಬೇರೆ.

ನಮ್ಮ ಸಂಗೀತಗಾರರಿಗೆ ಇಂಥ ಧಾಟಿಗಳು ಅಪರಿಚಿತವೇನಲ್ಲ. 1835ರಲ್ಲಿ ತೀರಿಕೊಂಡ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇಂಗ್ಲಿಷರ ಬ್ಯಾಂಡಿನಲ್ಲಿ ಕೇಳಿದ ಧಾಟಿಗಳಿಗೆ ಶಂಕರಾಭರಣದಲ್ಲಿ ಸಂಸ್ಕೃತ ಸಾಹಿತ್ಯ ಕೂಡಿಸಿದರು. 'ನೋಟ್ಟುಸ್ವರ' ಎಂದು ಇಂದಿಗೂ ಅವನ್ನು ಮಕ್ಕಳಿಗೆ ಕಲಿಸುತ್ತಾರೆ. ಗ್ರೂಬರ್ ಮತ್ತು ದೀಕ್ಷಿತರು ಒಂದೇ ಕಾಲದವರು.

ಕನ್ನಡಕ್ಕೆ ಜರ್ಮನ್ ಧಾಟಿಗಳು ಬಂದ ದಾರಿಯೂ ಹೆಚ್ಚು ಕಡಿಮೆ ಅದೇ ಕಾಲದ್ದು. ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಡ್ರೆಸ್ಡೆನ್‌ನಲ್ಲಿ ಈ ಹಾಡು ಅಚ್ಚಾಗಿ ಆಗ ಒಂದೆರಡು ವರ್ಷವಾಗಿತ್ತಷ್ಟೆ. ಅವರು ತಮ್ಮ ಊರಿನ ಧಾಟಿಗಳನ್ನು ಹಾಗೇ ಇಟ್ಟುಕೊಂಡು ಕನ್ನಡ ಮಾತು ಕೂರಿಸಿದರು. ಕೆಲಸ ಸುಲಭದ್ದಲ್ಲ. ಜರ್ಮನ್ ಧಾಟಿ ಎಳೆಯುವ ಜಾಗದಲ್ಲಿ ಕನ್ನಡದ ಲಘು ಅಕ್ಷರ ಬಂದರೆ ಪದ ಕಿವಿಗೆ ಕಷ್ಟವಾಗುತ್ತದೆ. ನಿಘಂಟುಕಾರ ಕಿಟೆಲ್ ಅವರಿಗೆ ಈ ತೊಡಕು ತಿಳಿದಿದ್ದಿರಬೇಕು. 1862ರಲ್ಲಿ ಅವರು ಯೇಸುವಿನ ಚರಿತೆಯನ್ನು 'ಕಥಾಮಾಲೆ'ಯಾಗಿ ಬರೆದಾಗ ಕನ್ನಡದ ಛಂದಸ್ಸನ್ನೇ ಆಯ್ದುಕೊಂಡರು. ಎರಡು ದಾರಿಗಳಲ್ಲಿ ಕಿಟೆಲ್ಲರದು ಹೆಚ್ಚು ಕಷ್ಟದ್ದು, ಹೆಚ್ಚು ಗೌರವದ್ದು ಎಂದು ನನಗನ್ನಿಸುತ್ತದೆ. ಆದರೆ ಡಿಸೆಂಬರಿನಲ್ಲಿ ಮನೆ ಮನೆಗೆ ಹೋಗಿ ಗೋದಲಿಯ ಮುಂದೆ ನಿಂತು ಹಾಡುವವರ ಬಾಯಲ್ಲಿ ಉಳಿದದ್ದು ಮೊದಲಿನ ದಾರಿಯೇ. ಜತೆಗೆ ಆರ್ಗನ್ ಹೊತ್ತು ತಿರುಗಲಾದೀತೇ? ಹೆಗಲಿಗೆ ಗಿಟಾರೇ ಸರಿ.

ಮೋರ್ ಬರೆದದ್ದು ಆರು ನುಡಿ. 1859ರಲ್ಲಿ ಜಾನ್ ಫ್ರೀಮನ್ ಯಂಗ್ ಇಂಗ್ಲಿಷಿಗೆ ತಂದಾಗ ಮೂರನ್ನೇ ಆಯ್ದುಕೊಂಡರು. ಬಿಟ್ಟುಹೋದವುಗಳಲ್ಲಿ ಲೋಕದ ಎಲ್ಲ ಜನಾಂಗಗಳನ್ನೂ ಒಡಹುಟ್ಟಿದವರೆಂದು ಅಪ್ಪಿಕೊಳ್ಳುವ ಮಾತಿನ ಒಂದು ನುಡಿಯಿದೆ. ಯುದ್ಧ, ಬರ, ಸೀಳಿದ ಊರುಗಳ ನಡುವೆ ಬರೆದ ಮಾತು. 1914ರ ಕ್ರಿಸ್ಮಸ್ಸಿನಲ್ಲಿ ಫ್ಲಾಂಡರ್ಸ್‌ನ ಕಂದಕಗಳಲ್ಲಿ ಜರ್ಮನ್ ಮತ್ತು ಬ್ರಿಟಿಷ್ ಸಿಪಾಯಿಗಳು ಬಂದೂಕು ಕೆಳಗಿಟ್ಟಾಗ ಹಾಡಿದ ಹಾಡುಗಳಲ್ಲಿ ಇದೂ ಇತ್ತು. ಆ ನುಡಿ ಗೊತ್ತಿಲ್ಲದೆಯೇ ಆಚೆಯವರು ದನಿಗೂಡಿಸಿದ್ದರು.

ಹಾಡು ಮೊದಲು ಕೇಳಿದ ಸಂತ ನಿಕೋಲಸ್ ಚರ್ಚು ಇಂದಿಲ್ಲ. ಸಾಲ್ಝಾಖ್ ನದಿಯ ನೆರೆಗೆ ಸಿಕ್ಕಿ ಶಿಥಿಲವಾಗಿ 1900ರ ದಶಕದಲ್ಲಿ ಅದನ್ನು ಕೆಡವಿದರು. ಆ ಜಾಗದಲ್ಲಿ 1937ರಿಂದ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಗ್ರೂಬರ್ ಕೊನೆಯ ವರ್ಷಗಳನ್ನು ಕಳೆದ ಹಾಲೈನ್‌ನ ಮನೆ ಈಗ ವಸ್ತುಸಂಗ್ರಹಾಲಯ, ಮೋರ್‌ನ ಗಿಟಾರ್ ಇರುವುದು ಅಲ್ಲಿ. ಮೋರ್ ಹೇಗಿದ್ದನೆಂದು ತೋರಿಸುವ ಚಿತ್ರ ಮಾತ್ರ ಒಂದೂ ಇರಲಿಲ್ಲ. ಸ್ಮಾರಕ ಮಾಡಹೊರಟ ಶಿಲ್ಪಿ ಯೋಸೆಫ್ ಮ್ಯೂಲ್‌ಬಾಖರ್ 1912ರಲ್ಲಿ ವಾಗ್ರೈನ್‌ನ ಸಮಾಧಿ ತೋಡಿಸಿ ತಲೆಬುರುಡೆ ನೋಡಿ ಮುಖ ರೂಪಿಸಿದ. ಬುರುಡೆಯನ್ನು ಆಮೇಲೆ ಓಬರ್‌ನ್‌ಡಾರ್ಫ್‌ನ ಮಂದಿರದ ಗೋಡೆಯಲ್ಲಿ ಇಟ್ಟರು. ಶಿಲ್ಪದಲ್ಲಿ ಮೋರ್ ಕಿಟಕಿಯಿಂದ ಬಾಗಿ, ಕಿವಿಗೆ ಕೈ ಹಚ್ಚಿ ಹಾಡು ಕೇಳುತ್ತಿದ್ದಾನೆ. ಗಿಟಾರ್ ಹಿಡಿದು ನಿಂತಿರುವವರು ಹಿಂದಿರುವ ಆರ್ಗನ್ ಮೇಷ್ಟ್ರು ಗ್ರೂಬರ್.